ಸಂಘದ ವೆಬ್‌ಸೈಟಿನ ಬೀಗದಕೈ ಯಾರ ಬಳಿ?



ಸಂಘಕ್ಕೊಂದು ವೆಬ್‌ಸೈಟ್ ಬೇಕೆಂಬುದರಲ್ಲಿ ಭಿನ್ನಾಭಿಪ್ರಾಯವಿಲ್ಲ. ಆದರೆ ಕಂತ್ರಾಟುದಾರನು ತನ್ನದೇ ಬೀಗ ಜಡಿದು ಕಟ್ಟಿಕೊಡುವ ವೆಬ್‌ಸೈಟ್ ನಮಗೆ ಬೇಡವೆಂಬುದು ನನ್ನ ವಾದ. ಸಭೆಯ ತಾರೀಖು ಬದಲಿಸಬೇಕಾದರೂ ಅವನ ಬಾಗಿಲು ಕಾಯಬೇಕಾದೀತು.

ವೆಬ್‌ಸೈಟ್ ಕಟ್ಟುವ ಜೂಮ್ಲಾ ಎಂಬ ಪ್ರೋಗ್ರಾಮಿನ ಕಥೆ ಕೇಳಿ. ಅದರ ಮೂಲ, ಆಸ್ಟ್ರೇಲಿಯಾದ ಕಂಪನಿಯೊಂದರ ಮ್ಯಾಂಬೊ. 2005ರಲ್ಲಿ ಕಂಪನಿ ಸ್ಥಾಪಿಸಿದ ಪ್ರತಿಷ್ಠಾನದಲ್ಲಿ ತಮ್ಮ ಮಾತಿಗೆ ಬೆಲೆಯಿಲ್ಲವೆಂದು, ಅದನ್ನು ಬರೆಯುತ್ತಿದ್ದವರು ಒಟ್ಟಾಗಿ ಹೊರನಡೆದರು. ನಾವು ಹೋಟೆಲು ಬಿಟ್ಟರೆ ಭಟ್ಟಿಯೂ ಪಾತ್ರೆಯೂ ಧಣಿಗೇ ಉಳಿಯುತ್ತವೆ. ಅವರಾದರೋ ಪ್ರೋಗ್ರಾಮನ್ನೂ ಜತೆಗೆ ಒಯ್ದರು! ಕಳವಲ್ಲ, ಯಾರು ಬೇಕಾದರೂ ಬಳಸಿ, ತಿದ್ದಿ, ಹಂಚಬಹುದೆಂದು ಅದರ ಜಿಪಿಎಲ್ ಪರವಾನಗಿಯಲ್ಲೇ ಇತ್ತು. ‘ಎಲ್ಲರೂ ಒಟ್ಟಾಗಿ’ ಎಂಬರ್ಥದ ಸ್ವಾಹಿಲಿ ಮಾತೊಂದು ಅವರ ಹೊಸ ಹೆಸರಾಯಿತು. ಹಳೆಯ ಲೆಕ್ಕದ ಪುಸ್ತಕ ಕಂಡವರಿಗೆ ‘ಜುಮಲಾ’ ಪರಕೀಯವಲ್ಲ.

2003ರ ವರ್ಡ್‌ಪ್ರೆಸ್‌ಗೂ ಅದೇ ಪರವಾನಗಿ. ನಮ್ಮ ಕೆಲಸಕ್ಕೆ ಅದೇ ಸುಲಭವೆಂದು ನನ್ನ ಮತ. ಮೊಬೈಲಿನಲ್ಲಿ ಕನ್ನಡ ಬರೆಯಬಲ್ಲವನು, ಏಳನೆಯ ಇಯತ್ತೆಯವನಾದರೂ, ಅದರಲ್ಲಿ ನೋಟೀಸು ಹಾಕಬಲ್ಲ.

ಎಲ್ಲವೂ ಪುಕ್ಕಟೆಯೆಂದು ಹಿಗ್ಗಬೇಡಿ. ವೆಬ್‌ಸೈಟಿನ ವಿಳಾಸಕ್ಕೂ ಜಾಗಕ್ಕೂ ವರ್ಷವರ್ಷ ಹಣ ಕಟ್ಟಬೇಕು. ಕಾಲಕಾಲಕ್ಕೆ ಬರುವ ತಿದ್ದುಪಡಿಗಳನ್ನು ಹಾಕದಿದ್ದರೆ ಕಳ್ಳರು ನುಗ್ಗುತ್ತಾರೆ. ಅದಕ್ಕೆ ತಿಳಿದವನೊಬ್ಬನಿಗೆ ಕೂಲಿ ಕೊಡೋಣ, ಬೀಗದಕೈ ಕೊಡುವುದು ಬೇಡ. ವಿಳಾಸವು ಸಂಘದ ಹೆಸರಿನಲ್ಲೇ ನೋಂದಣಿಯಾಗಲಿ. ಪಾಸ್‌ವರ್ಡ್ ಇಬ್ಬರು ಪದಾಧಿಕಾರಿಗಳ ಬಳಿ ಇರಲಿ. ಕಂತ್ರಾಟು ಕಾಗದಕ್ಕೆ ಸಹಿ ಬೀಳುವ ಮುನ್ನ ಸಭೆಯಲ್ಲಿ ಎದ್ದುನಿಂತು ಇಷ್ಟನ್ನು ಕೇಳಿ.