ಗಾಳಿಗೆ ಹಾರುವ ಗೊಬ್ಬರ

ಹೆಡತಲೆಯ ಸುತ್ತಮುತ್ತ, ನಂಜನಗೂಡು, ತಿ. ನರಸೀಪುರ ತಾಲ್ಲೂಕುಗಳ ಭತ್ತದ ಬಯಲಿನಲ್ಲಿ ಕಡುಹಸಿರು ಪೈರನ್ನು ಕಂಡಾಗ ರೈತನ ಮನಸ್ಸು ತುಂಬುವುದು ಸಹಜ. ಆದರೆ ಆ ಹಸಿರೆಲ್ಲವೂ ಕಾಳಾಗುವುದಿಲ್ಲ ಎಂಬುದನ್ನು ಅನುಭವಸ್ಥರು ಬಲ್ಲರು.

ನಾವು ಉಸಿರಾಡುವ ಗಾಳಿಯಲ್ಲಿ ಶೇ. 78ರಷ್ಟು ಸಾರಜನಕವೇ ಇದೆ. ಅದು ನಿರುಪದ್ರವಿ. ಹಾನಿ ಬರುವುದು ಅದರ ಬೇರೆ ಎರಡು ರೂಪಗಳಿಂದ. ವಾಹನ, ಜನರೇಟರ್, ಬಾಯ್ಲರುಗಳ ಹೊಗೆಯಲ್ಲಿ ಸಾರಜನಕದ ಆಕ್ಸೈಡುಗಳಿರುತ್ತವೆ. ಗದ್ದೆಗೆ ಎರಚಿದ ಯೂರಿಯಾದಿಂದಲೂ ತೆರೆದ ತಿಪ್ಪೆಗಳಿಂದಲೂ ಅಮೋನಿಯಾ ಏಳುತ್ತದೆ.

ಅಲ್ಪ ಪ್ರಮಾಣದಲ್ಲಿ ಇವು ಎಲೆಗೆ ಆಹಾರವೇ ಹೌದು. ಸೂರ್ಯನ ಬೆಳಕಿನಿಂದ ಆಹಾರ ತಯಾರಿಸುವ ದ್ಯುತಿಸಂಶ್ಲೇಷಣೆಗೆ ಬೇಕಾದ ಪತ್ರಹರಿತ್ತಿನಲ್ಲಿ ಸಾರಜನಕವಿದೆ. ಆದರೆ ಮಿತಿ ಮೀರಿ ಪತ್ರರಂಧ್ರಗಳ ಮೂಲಕ ಒಳಸೇರಿದಾಗ ಅವೇ ಅನಿಲಗಳು ಎಲೆಯನ್ನು ಘಾಸಿಗೊಳಿಸುತ್ತವೆ. ಪರೋಕ್ಷ ಹಾನಿ ಇನ್ನೂ ದೊಡ್ಡದು. ಬಿಸಿಲಿನಲ್ಲಿ ಈ ಆಕ್ಸೈಡುಗಳು ಹೊಗೆಯ ಇತರ ಆವಿಗಳೊಡನೆ ಸೇರಿ ನೆಲಮಟ್ಟದ ಓಝೋನ್ ಅನಿಲವನ್ನು ಉಂಟುಮಾಡುತ್ತವೆ. ಅದು ಎಲೆಯ ಜೀವಕೋಶಗಳನ್ನು ಕೆಡಿಸಿ, ದ್ಯುತಿಸಂಶ್ಲೇಷಣೆಯನ್ನು ಕುಗ್ಗಿಸಿ, ಇಳುವರಿಯನ್ನು ಇಳಿಸುತ್ತದೆ. ಪೇಟೆಯ ಹೊಗೆ ಗಾಳಿಯೊಡನೆ ಹಳ್ಳಿಯ ಗದ್ದೆಯನ್ನೂ ತಲುಪುವುದು ಹೀಗೆ.

ಹೊಗೆಯ ವಿಷಯದಲ್ಲಿ ಕಾರ್ಖಾನೆಗಳನ್ನೂ ಸರ್ಕಾರವನ್ನೂ ಪ್ರಶ್ನಿಸುವುದು ನಮ್ಮ ಹಕ್ಕು. ಆದರೆ ಅಮೋನಿಯಾದ ಹೊಣೆ ಬಹುಮಟ್ಟಿಗೆ ನಮ್ಮದೇ. ಯೂರಿಯಾದಲ್ಲಿ ಶೇ. 46ರಷ್ಟು ಸಾರಜನಕವಿದೆ. ನಿಂತ ನೀರಿನ ಮೇಲೆ ಬಿಸಿಲಿನಲ್ಲಿ ಎರಚಿದರೆ ಅದರ ಸಾಕಷ್ಟು ಭಾಗ ಆವಿಯಾಗಿ ಹಾರಿಹೋಗುತ್ತದೆ. ಯೂರಿಯಾಕ್ಕೆ ಬೇವಿನ ಲೇಪನವನ್ನು ಕೇಂದ್ರ ಸರ್ಕಾರ 2015ರಲ್ಲಿ ಕಡ್ಡಾಯಗೊಳಿಸಿತು. ಆದರೆ ಮೇಲೆ ಚೆಲ್ಲಿದ್ದು ಹಾರುವುದನ್ನು ಲೇಪನವೊಂದೇ ತಡೆಯಲಾರದು. ನಷ್ಟವಾಯಿತೆಂದು ಮತ್ತೆ ಸುರಿದರೆ ಪೈರು ಸೊಕ್ಕಿ ಒರಗುತ್ತದೆ, ಬೆಂಕಿರೋಗಕ್ಕೆ ತುತ್ತಾಗುತ್ತದೆ. ರೈತನ ಹಣ ಗಾಳಿಗೆ ಹೋಯಿತು, ಗಾಳಿಯೂ ಕೆಟ್ಟಿತು.

ಪರಿಹಾರ ದುಬಾರಿಯದೇನಲ್ಲ. ಮಣ್ಣು ಪರೀಕ್ಷೆ ಮಾಡಿಸಿ ಅಗತ್ಯವಿದ್ದಷ್ಟೇ ಗೊಬ್ಬರವನ್ನು ಕಂತುಗಳಲ್ಲಿ ಕೊಡೋಣ. ನೀರು ಬಸಿದು ಗೊಬ್ಬರವನ್ನು ಮಣ್ಣಿಗೆ ಬೆರೆಸೋಣ. ಬೇರಿನ ಗಂಟುಗಳಲ್ಲಿ ಸಾರಜನಕ ಹಿಡಿದಿಡುವ ಅಲಸಂದೆ, ಹೆಸರು ಬೆಳೆಗಳನ್ನು ಭತ್ತದ ನಂತರ ಬಿತ್ತೋಣ. ತಿಪ್ಪೆಗೆ ಮಣ್ಣಿನ ಹೊದಿಕೆ ಹಾಕೋಣ. ಕೂಳೆಗೆ ಬೆಂಕಿಯಿಡುವುದನ್ನು ನಿಲ್ಲಿಸೋಣ.

ಜಗದ್ಗುರು ಫ್ರಾನ್ಸಿಸ್‌ರವರು 2015ರ ತಮ್ಮ 'ಲೌದಾತೊ ಸಿ' ವಿಶ್ವಪತ್ರದಲ್ಲಿ ಗಾಳಿಯ ಮಾಲಿನ್ಯವನ್ನು ವಿವರಿಸುವಾಗ ವಾಹನ, ಕಾರ್ಖಾನೆಗಳ ಹೊಗೆಯ ಜೊತೆಗೆ ರಸಗೊಬ್ಬರವನ್ನೂ ಹೆಸರಿಸಿದ್ದರು. ಸೃಷ್ಟಿಯ ಪಾಲನೆ ಪ್ರಾರ್ಥನೆಯಲ್ಲಿ ಮುಗಿಯುವಂಥದ್ದಲ್ಲ. ಗೊಬ್ಬರದ ಚೀಲ ಬಿಚ್ಚುವ ಕೈಯೂ ಅದನ್ನು ನೆನೆಯಬೇಕು.