ಶಿಬಿರವೂ ಪ್ರಮಾಣಪತ್ರವೂ

ಹಳ್ಳಿಯ ತರುಣರಿಗಾಗಿ ನಡೆಯುವ ಸೇವಾಶಿಬಿರ, ಯುವಕಸಂಘ, ಕವಾಯತು ಮೊದಲಾದುವೆಲ್ಲವೂ ಕಾಲಹರಣದ ಸಾಧನಗಳೆಂದೂ, ಇರಕಲ್ಲಗಡದಂತಹ ಊರಿನ ಹುಡುಗನಿಗೆ ಬೇಕಾದುದು ನೌಕರಿಯ ಪರೀಕ್ಷೆಗೆ ಪಾಠವೊಂದೇ ಎಂದೂ ಬಗೆಯುವವರು ಈಗ ಬಹುಮಂದಿ. ವಿದ್ಯಾವಂತರ ಮನೆಗಳಲ್ಲಿಯೇ ಈ ಮಾತು ಹೆಚ್ಚಾಗಿ ಕೇಳಿಬರುವುದು ಶೋಚನೀಯ. ಇವರ ವಾದದಲ್ಲಿ ಒಂದಂಶ ಸತ್ಯ, ಮೂರಂಶ ಆಲಸ್ಯ.

ಕೊಪ್ಪಳದ ಸೀಮೆಯವರು ಹೀಗೆ ನುಡಿಯುವ ಮುನ್ನ ತಮ್ಮ ನೆಲದ ವೃತ್ತಾಂತವನ್ನು ನೆನೆಯಬೇಕಾಗಿತ್ತು. 1948ನೆಯ ಸೆಪ್ಟೆಂಬರದವರೆಗೆ ಈ ಪ್ರಾಂತವು ನಿಜಾಮನ ಆಳಿಕೆಗೆ ಒಳಪಟ್ಟಿತ್ತು. ಸಭೆ ಕೂಡಿಸುವುದಕ್ಕೂ ಸರಕಾರದ ಅಪ್ಪಣೆಯನ್ನು ಕಾಯಬೇಕಾಗಿದ್ದ ಆ ರಾಜ್ಯದಲ್ಲಿ ತರುಣರಿಗೆ ಲೋಕವ್ಯವಹಾರದ ಮೊದಲ ಪಾಠ ದೊರೆತುದು ಎಲ್ಲಿ? ಪಂಡಿತ ತಾರಾನಾಥರು 1920ರಲ್ಲಿ ರಾಯಚೂರಿನಲ್ಲಿ ತೆರೆದ ಹಮದರ್ದ್ ಶಾಲೆಯಲ್ಲಿ. ಕುಕನೂರಿನ ವಿದ್ಯಾನಂದ ಗುರುಕುಲದಲ್ಲಿ. ಕಡೆಗೆ 1947–48ರ ಗಡಿಶಿಬಿರಗಳಲ್ಲಿ. ಮುಂಡರಗಿಯ ಶಿಬಿರವನ್ನು ಅಳವಂಡಿಯ ಶಿವಮೂರ್ತಿಸ್ವಾಮಿ ಇನಾಮದಾರರೂ, ಗಜೇಂದ್ರಗಡದ ಶಿಬಿರವನ್ನು ಪುಂಡಲೀಕಪ್ಪ ಜ್ಞಾನಮೋಠೆಯವರೂ ನಡೆಸಿದರು. ಶಿಬಿರವೆಂದರೆ ಕೇವಲ ಸಾಹಸವಲ್ಲ. ಬಂದವರಿಗೆ ಅನ್ನ ಒದಗಬೇಕು, ಇರುಳ ಕಾವಲು ತಪ್ಪಬಾರದು, ಗುಟ್ಟು ಹೊರಬೀಳಬಾರದು, ಊರವರು ಕೊಟ್ಟ ಕಾಳಿಗೆ ಲೆಕ್ಕವಿರಬೇಕು. ಅದೇ ಶಿವಮೂರ್ತಿಸ್ವಾಮಿಯವರು 1952ರಲ್ಲಿ ಕುಷ್ಟಗಿಯಿಂದ ಪಕ್ಷೇತರರಾಗಿಯೂ 1962ರಲ್ಲಿ ಕೊಪ್ಪಳದಿಂದ ಲೋಕಸೇವಕ ಸಂಘದ ಪರವಾಗಿಯೂ ಲೋಕಸಭೆಗೆ ಆರಿಸಿಬಂದರು. ಅಳವಂಡಿಯು ಇರಕಲ್ಲಗಡದಂತೆಯೇ ಕೊಪ್ಪಳ ತಾಲೂಕಿನ ಒಂದು ಹೋಬಳಿಯೂರೆಂಬುದನ್ನು ವಾಚಕರು ಮರೆಯಬಾರದು.

ಗಡಿಯಾಚೆಯ ನಿದರ್ಶನವೂ ಇದೆ. ಡಾಕ್ಟರ ನಾ. ಸು. ಹರ್ಡೀಕರರು 1923ರ ಕಾಕಿನಾಡ ಕಾಂಗ್ರೆಸ್ಸಿನ ಸಮಯದಲ್ಲಿ ಹುಟ್ಟುಹಾಕಿದ ಹಿಂದುಸ್ಥಾನೀ ಸೇವಾದಳವು ಹುಬ್ಬಳ್ಳಿಯನ್ನು ನೆಲೆಯಾಗಿಸಿಕೊಂಡು ಬೆಳೆಯಿತು. 1924ರ ಬೆಳಗಾವಿಯ ಅಧಿವೇಶನದ ವ್ಯವಸ್ಥೆಯ ಭಾರವನ್ನು ಅದರ ಸ್ವಯಂಸೇವಕರು ಹೊತ್ತರು. ಅಲ್ಲಿ ಸ್ತ್ರೀಸೇವಕಿಯರನ್ನು ಕೂಡಿಸಿ ನಡೆಸಿದವರು ಉಮಾಬಾಯಿ ಕುಂದಾಪುರರು. ಎಳೆಯ ವಯಸ್ಸಿನಲ್ಲಿಯೇ ವೈಧವ್ಯ ಬಂದಿದ್ದ ಹೆಣ್ಣುಮಗಳು. ಇಪ್ಪತ್ತೆರಡು ವರ್ಷಗಳ ತರುವಾಯ, 1946ರಲ್ಲಿ, ಕಸ್ತೂರಬಾ ಸ್ಮಾರಕ ನಿಧಿಯ ಕರ್ನಾಟಕ ಶಾಖೆಗೆ ಗಾಂಧೀಜಿಯವರು ಆರಿಸಿದುದು ಅವರನ್ನೇ. ಇಂದು ಮಗಳನ್ನು ಏಳು ದಿವಸದ ಶಿಬಿರಕ್ಕೆ ಕಳುಹಿಸಲು ಹಿಂದೆಗೆಯುವ ಪದವೀಧರ ತಂದೆಯು ಬೆಳಗಾವಿಗೆ ಹೆಣ್ಣುಮಕ್ಕಳನ್ನು ಕಳುಹಿಸಿಕೊಟ್ಟ ಆ ಕಾಲದ ಹಿರಿಯರಿಗಿಂತ ಯಾವ ವಿಷಯದಲ್ಲಿ ಮುಂದುವರಿದವನೋ ತಿಳಿಯದು.

ಅದು ಸ್ವಾತಂತ್ರ್ಯಸಂಗ್ರಾಮದ ಕಾಲ, ಆ ಆವೇಶ ಇಂದೆಲ್ಲಿಯದು ಎಂದು ಪ್ರತಿವಾದಿಗಳು ಕೇಳುವರು. ಆವೇಶವು ಮನುಷ್ಯನನ್ನು ಶಿಬಿರದ ಬಾಗಿಲವರೆಗೆ ತಂದಿತೆಂಬುದು ನಿಜ. ಒಳಗೆ ಅವನನ್ನು ತಿದ್ದಿದುದು ಹೊಣೆ. ಹೊಣೆಗೆ ಸಂಗ್ರಾಮವೇ ಬೇಕೆಂದಿಲ್ಲ. ಊರಿನ ಕೆರೆಯೊಂದು ಸಾಕು.

ಇದನ್ನು ಅರಿತವರು ಇರಲಿಲ್ಲವೆಂದೇನೂ ಅಲ್ಲ. ಬಳ್ಳಾರಿಯಿಂದ ಲೋಕಸಭೆಗೆ ಆರಿಸಿಬಂದಿದ್ದ ಡಾಕ್ಟರ ವಿ. ಕೆ. ಆರ್. ವಿ. ರಾಯರು ಕೇಂದ್ರದ ಶಿಕ್ಷಣ ಮಂತ್ರಿಗಳಾಗಿದ್ದಾಗ, ಗಾಂಧೀ ಶತಾಬ್ದಿಯ ವರ್ಷವಾದ 1969ರ ಸೆಪ್ಟೆಂಬರ 24ರಂದು, 37 ವಿಶ್ವವಿದ್ಯಾಲಯಗಳಲ್ಲಿ ರಾಷ್ಟ್ರೀಯ ಸೇವಾ ಯೋಜನೆ ಆರಂಭವಾಯಿತು. ಎರಡು ವರ್ಷಗಳಲ್ಲಿ 240 ತಾಸಿನ ಸೇವೆ, ದತ್ತು ಗ್ರಾಮದಲ್ಲಿ ಏಳು ದಿವಸದ ವಾಸ. ಯೋಜನೆ ಸಾಧುವಾದುದೇ. ಆದರೆ ಅದರ ನಡೆವಳಿಕೆ ಎಷ್ಟೋ ಕಡೆ ಹೇಗಾಗಿದೆಯೆಂದರೆ, ಮೊದಲ ದಿನ ಉದ್ಘಾಟನೆಯ ಭಾಷಣ, ಕಡೆಯ ದಿನ ಸಮಾರೋಪದ ಭಾಷಣ, ನಡುವೆ ಗುಡಿಯ ಅಂಗಳದ ಕಸ, ಅದರ ಭಾವಚಿತ್ರ. ಶಿಬಿರ ಎತ್ತಿದ ಮರುದಿನ ಕಸ ತಿರುಗಿ ಬರುತ್ತದೆ, ಹುಡುಗರು ಬರುವುದಿಲ್ಲ. ಉಳಿಯುವುದು ಪ್ರಮಾಣಪತ್ರ. ಕೆಲಸವಿಲ್ಲದ ಪ್ರಮಾಣಪತ್ರವು ಶಾಸ್ತ್ರಜ್ಞರು ಹೇಳುವ ಅಜಾಗಳಸ್ತನದಂತೆ: ಕಾಣುವುದಕ್ಕೆ ಉಂಟು, ಹಾಲಿಲ್ಲ. ಪ್ರತಿವಾದಿಗಳ ಒಂದಂಶ ಸತ್ಯವೆಂದುದು ಇದನ್ನೇ. ಆದರೆ ಕೆಟ್ಟ ಅಡಿಗೆಯನ್ನು ಕಂಡು ಒಲೆಯನ್ನೇ ಒಡೆಯುವವರುಂಟೆ?

ಊರಿನ ಯುವಕಸಂಘಗಳ ಪಾಡು ಇನ್ನೂ ಕನಿಷ್ಠ. ಗಣೇಶನ ಹಬ್ಬಕ್ಕೆ ವರ್ಗಣಿ, ಚುನಾವಣೆಗೆ ಯಾವನೋ ಪುಢಾರಿಯ ಹಿಂದೆ ಮೆರವಣಿಗೆ. ಇಷ್ಟರಲ್ಲಿ ಸಂಘದ ಆಯುಷ್ಯ ತೀರುತ್ತದೆ.

ಇಲ್ಲಿ ಒಂದು ಲೆಕ್ಕವನ್ನು ಗಮನಿಸಬೇಕು. 1989ರಿಂದ ಈ ದೇಶದಲ್ಲಿ 18 ವರ್ಷಕ್ಕೆ ಮತಾಧಿಕಾರ. 21ಕ್ಕೆ ಗ್ರಾಮಪಂಚಾಯತಿಯ ಸದಸ್ಯತ್ವಕ್ಕೆ ನಿಲ್ಲುವ ಅರ್ಹತೆ. ನಡುವಣ ಮೂರು ವರ್ಷಗಳಲ್ಲಿ ಇರಕಲ್ಲಗಡದ ತರುಣನಿಗೆ ಠರಾವು ಬರೆಯುವುದನ್ನು, ಜಮಾಖರ್ಚು ಇಡುವುದನ್ನು, ವಿರೋಧಿಸುವವನ ಮಾತನ್ನು ಸಮಾಧಾನದಿಂದ ಕೇಳುವುದನ್ನು ಕಲಿಸುವವರಾರು? ಪರೀಕ್ಷಾಪಾಠದ ಅಂಗಡಿಯವನು ಕಲಿಸಲಾರ. ಪುಢಾರಿಯು ಕಲಿಸನು, ಲೆಕ್ಕ ಕೇಳುವ ಅನುಚರನು ಅವನಿಗೆ ಬೇಕಾಗಿಲ್ಲ. ಹೀಗೆ ಏನನ್ನೂ ಕಲಿಯದೆ 21ಕ್ಕೆ ಬಂದವನು ಪಂಚಾಯತಿಯನ್ನು ಸೇರಿದರೆ ಕಾರ್ಯದರ್ಶಿ ಬರೆದಲ್ಲಿ ರುಜು ಹಾಕುವನು. ನೌಕರಿಯನ್ನು ಸೇರಿದರೆ ಮೇಲಿನವನ ಮುಖ ನೋಡುವನು. ಆಗ ವಿದ್ಯಾವಂತ ಮನೆಗಳವರು ಜಗಲಿಯಲ್ಲಿ ಕುಳಿತು ರಾಜಕಾರಣ ಕೆಟ್ಟಿತೆಂದು ನಿಟ್ಟುಸಿರು ಬಿಡುವರು.

ಆದುದರಿಂದ ಶಿಬಿರವನ್ನು ನಡೆಸುವವರಿಗೆ ಊರವರು ಎರಡು ನಿಬಂಧನೆಗಳನ್ನು ಹಾಕಲಿ. ಏಳು ದಿವಸದಲ್ಲಿ ಕೈಕೊಂಡ ಕೆಲಸವನ್ನು, ಅದು ಹೂಳು ತೆಗೆದ ಬಾವಿಯಿರಲಿ, ವಾಚನಾಲಯವಿರಲಿ, ವರ್ಷವಿಡೀ ನೋಡಿಕೊಳ್ಳುವ ಹೊಣೆ ಊರಿನ ತರುಣತರುಣಿಯರ ಹೆಸರಿನಲ್ಲಿ ಬರೆದಿರಬೇಕು. ಅದಕ್ಕೆ ತಗುಲಿದ ವೆಚ್ಚವನ್ನು ಅವರೇ ಗ್ರಾಮಸಭೆಯಲ್ಲಿ ನಿಂತು ಓದಿಹೇಳಬೇಕು. ತಪ್ಪಿದಲ್ಲಿ ಹಿರಿಯರು ತಡೆದು ಕೇಳಬೇಕು. ವರ್ಷಾಂತ್ಯಕ್ಕೆ ಬಾವಿಯಲ್ಲಿ ನೀರೂ ಪುಸ್ತಕದಲ್ಲಿ ಲೆಕ್ಕವೂ ಇದ್ದಲ್ಲಿ ಮಾತ್ರ ಪ್ರಮಾಣಪತ್ರವನ್ನು ಕೊಡಲಿ. ಮೊದಲನೆಯ ವರ್ಷ ಅದನ್ನು ಪಡೆಯುವವರು ನಾಲ್ವರೇ ಆದರೂ ಚಿಂತೆಯಿಲ್ಲ.