ಪಾಂಡಿತ್ಯವೊಂದೇ ಸಾಕೆ?

ತುರ್ವಿಹಾಳದ ಸರಕಾರಿ ಪ್ರೌಢಶಾಲೆಯಲ್ಲಿ ಗಣಿತ ಕಲಿಸಬಯಸುವವರು ಬಿ.ಎಡ್. ಪದವಿಯನ್ನು ಪಡೆದಿರಲೇಬೇಕು. ಅಲ್ಲಿ ಕಲಿತ ಹುಡುಗಿಯು ಮುಂದೆ ಸಿಂಧನೂರಿನ ಪದವಿ ಕಾಲೇಜನ್ನು ಸೇರಿದರೆ, ಅಲ್ಲಿಯ ಅಧ್ಯಾಪಕರಿಗೆ ಅಂತಹ ಶಿಕ್ಷಣದ ನಿರ್ಬಂಧವಿಲ್ಲ. ಮಹಾಪ್ರಬಂಧವನ್ನು ಬರೆದವನಿಗೆ ಬೋಧನೆಯು ತಾನಾಗಿಯೇ ಒಲಿಯುವುದೆಂಬ ಈ ನಂಬಿಕೆಯನ್ನು ನಾವು ಒಪ್ಪಲಾರೆವು.

ವಿಶ್ವವಿದ್ಯಾಲಯ ಧನಸಹಾಯ ಆಯೋಗವೂ ಇದನ್ನು ಅರಿತಂತಿದೆ. 2022ರ ನವೆಂಬರಿನಲ್ಲಿ ಪ್ರಕಟವಾದ ಅದರ ಪಿಎಚ್.ಡಿ. ನಿಯಮಾವಳಿಯಂತೆ, ಸಂಶೋಧಕರೆಲ್ಲರೂ ತಮ್ಮ ವಿಷಯದ ಬೋಧನೆ, ಬರವಣಿಗೆ ಮುಂತಾದವುಗಳಲ್ಲಿ ತರಬೇತಿ ಹೊಂದತಕ್ಕದ್ದು. ವಾರಕ್ಕೆ 4ರಿಂದ 6 ಗಂಟೆಗಳ ಬೋಧನ ಅಥವಾ ಸಂಶೋಧನ ಸಹಾಯಕತ್ವವನ್ನು ಅವರಿಗೆ ವಹಿಸಬಹುದು. ಈ 'ಬಹುದು' ಎಂಬ ಪದದ ಮರೆಯಲ್ಲಿ ಎಷ್ಟು ಆಲಸ್ಯಕ್ಕೆ ಎಡೆಯುಂಟೆಂಬುದನ್ನು ಕಚೇರಿಗಳನ್ನು ಬಲ್ಲ ವಾಚಕರಿಗೆ ಹೇಳಬೇಕಾದುದಿಲ್ಲ.

ಕಲಿಸಲು ಕಲಿತವನಿಗೆ ದೊರೆಯುವ ಮನ್ನಣೆಯಾದರೂ ಏನು? 2022ರಲ್ಲಿ ಕರ್ನಾಟಕ ಪರೀಕ್ಷಾ ಪ್ರಾಧಿಕಾರವು ಸಹಾಯಕ ಪ್ರಾಧ್ಯಾಪಕರ ನೇಮಕಕ್ಕಾಗಿ ಲಿಖಿತ ಪರೀಕ್ಷೆಯನ್ನು ನಡೆಸಿತು. ಉತ್ತರಪತ್ರಿಕೆಯಲ್ಲಿ ಜ್ಞಾನ ಕಂಡೀತು, ಪಾಠ ಹೇಳುವ ಬಗೆ ಕಾಣದು.

ರಾಯಚೂರಿನ ವಿಶ್ವವಿದ್ಯಾಲಯವು ತನ್ನ ಸಂಶೋಧಕರನ್ನು ತಾಲ್ಲೂಕಿನ ಕಾಲೇಜುಗಳಿಗೆ ಕಳುಹಿಸಲಿ. ಅಗ್ಗದ ಅತಿಥಿ ಉಪನ್ಯಾಸಕರನ್ನಾಗಿ ಮಾತ್ರ ಅಲ್ಲ. ಅನುಭವಿಗಳಾದ ಅಧ್ಯಾಪಕರೊಬ್ಬರು ಹಿಂದಿನ ಬೆಂಚಿನಲ್ಲಿ ಕುಳಿತು ಅವರ ಪಾಠವನ್ನು ಕೇಳಿ, ತಿದ್ದಿ, ತಮ್ಮ ಅಭಿಪ್ರಾಯವನ್ನು ಬರೆದುಕೊಡಲಿ. ನೇಮಕ ಮಾಡುವವರು ಪದವಿಪತ್ರದೊಡನೆ ಅದನ್ನೂ ಓದತಕ್ಕದ್ದೆಂದು ಸರಕಾರವು ವಿಧಿಸಲಿ.